ಕಾಲೇಜು ಮಕ್ಕಳ ಹಸಿವಿಗೆ ರಾಜ್ಯ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮೇಡಂ, ನನ್ನ ಮಗಳು ನ್ಯೂಜೆರ್ಸಿಯಲ್ಲಿ ಕಮ್ಯುನಿಟಿ ಕಾಲೇಜಿಗೆ ಹೋಗುತ್ತಾಳೆ. ಹುಟ್ಟಿದ್ದು ಅಮೆರಿಕದಲ್ಲೇ. ‘ಹಂಗರ್ ಫ್ರೀ ಕ್ಯಾಂಪಸ್’ ಅಂತ ರಾಜ್ಯ ಸರ್ಕಾರ ದುಡ್ಡು ಕೊಡುತ್ತದಂತೆ. ಅದು ಮಕ್ಕಳ ಕೈಗೆ ಸಿಗುತ್ತದಾ?

ಉತ್ತರ: ಕೈಗೆ ಸಿಗುವುದಿಲ್ಲ. ಕಾಲೇಜಿಗೆ ಬರುತ್ತದೆ, ಅದೂ ಷರತ್ತಿನ ಮೇಲೆ. 2017ರಲ್ಲಿ ಕ್ಯಾಲಿಫೋರ್ನಿಯಾ 75 ಲಕ್ಷ ಡಾಲರ್ ಇಟ್ಟು ಇದನ್ನು ಶುರು ಮಾಡಿತು. 2019ರಲ್ಲಿ ನ್ಯೂಜೆರ್ಸಿ ಕಾನೂನು ಮಾಡಿ 10 ಲಕ್ಷ ಡಾಲರ್ ಇಟ್ಟಿತು. ಕಾಲೇಜಿನಲ್ಲಿ ಫುಡ್ ಪ್ಯಾಂಟ್ರಿ (ವಿದ್ಯಾರ್ಥಿಗಳಿಗೆ ದಿನಸಿ ಪುಕ್ಕಟೆ ಕೊಡುವ ಕೋಣೆ) ಅಥವಾ ಆಹಾರ ಹಂಚುವ ಬೇರೆ ವ್ಯವಸ್ಥೆ ಇರಬೇಕು, ವಿದ್ಯಾರ್ಥಿಗಳೂ ಇರುವ ಒಂದು ಸಮಿತಿ ಬೇಕು, ಸ್ನ್ಯಾಪ್ (ಕಡಿಮೆ ಆದಾಯದವರಿಗೆ ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು) ಅರ್ಜಿ ತುಂಬಿಸಲು ಒಬ್ಬ ಸಿಬ್ಬಂದಿ ಬೇಕು, ಹೀಗೆ. ಮೊತ್ತ ದೊಡ್ಡದಾಗಿ ಕಾಣುತ್ತದೆ, ಆದರೆ ಅಷ್ಟೂ ಕಾಲೇಜಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಅಷ್ಟಕ್ಕಷ್ಟೇ.

ನಾನು ಇಂಥದ್ದೇ ಒಂದು ಕಾಲೇಜಿನಲ್ಲಿ ಈ ಕೆಲಸ ಮಾಡುವವಳು. ನನ್ನನ್ನು ಕೇಳಿದರೆ ಮೊದಲು ಆ ಸಿಬ್ಬಂದಿಯ ಸಂಬಳಕ್ಕೆ ಹಾಕಿ ಅಂತೀನಿ. (ನನ್ನ ಸಂಬಳ ಅಂತ ಹೇಳ್ತಿಲ್ಲ!) ಪ್ಯಾಂಟ್ರಿಯ ಡಬ್ಬಿ ಆಹಾರ ದಾನವಾಗಿಯೂ ಬರುತ್ತದೆ, ಅರ್ಜಿ ತುಂಬುವ ತಾಳ್ಮೆ ದಾನವಾಗಿ ಬರಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪತ್ರ ನೋಡುವ ಜಿಎಒ 2024ರಲ್ಲಿ ವರದಿ ಕೊಟ್ಟಿತು. 2020ರಲ್ಲಿ ಪದವಿ ಓದುತ್ತಿದ್ದವರಲ್ಲಿ ಶೇ. 23ರಷ್ಟು, ಅಂದರೆ ಸುಮಾರು 38 ಲಕ್ಷ ಮಂದಿಗೆ ಸರಿಯಾದ ಊಟದ ಭರವಸೆ ಇರಲಿಲ್ಲ. ಅವರಲ್ಲಿ ಸ್ನ್ಯಾಪ್ ಸಿಗಬಹುದಾಗಿದ್ದವರ ಪೈಕಿ ಅರ್ಧಕ್ಕಿಂತ ಜಾಸ್ತಿ ಜನ ಅದನ್ನು ಪಡೆದೇ ಇರಲಿಲ್ಲ.

ಪ್ರಶ್ನೆ: ಹಾಗಾದರೆ ನನ್ನ ಮಗಳಿಗೆ ಸ್ನ್ಯಾಪ್ ಸಿಗುತ್ತದಾ? ಬೇರೆ ರೂಮ್ ಮಾಡಿಕೊಂಡಿದ್ದಾಳೆ.

ಉತ್ತರ: ಬೇರೆ ಇರುವುದು ಒಳ್ಳೆಯದಾಯಿತು. 22 ತುಂಬದವರು ಅಪ್ಪ ಅಮ್ಮನ ಜೊತೆ ಇದ್ದರೆ ಮನೆಯವರ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಆದರೆ ಓದುವವರಿಗೆ ಇನ್ನೊಂದು ತಡೆ ಇದೆ: ವಾರಕ್ಕೆ ಕನಿಷ್ಠ 20 ಗಂಟೆ ಸಂಬಳದ ಕೆಲಸ, ಇಲ್ಲವೇ ವರ್ಕ್ ಸ್ಟಡಿ (ಓದುವವರಿಗೆ ಸರ್ಕಾರದ ನೆರವಿನಿಂದ ಸಿಗುವ ಸಂಬಳದ ಕೆಲಸ), ಇಲ್ಲವೇ ಚಿಕ್ಕ ಮಗು, ಹೀಗೆ ಯಾವುದಾದರೂ ವಿನಾಯಿತಿ ಬೇಕು. ಹೋದ ಸೆಮಿಸ್ಟರ್ ಒಬ್ಬ ಹುಡುಗ ಪೇ ಸ್ಲಿಪ್ ಹಿಡಿದು ಬಂದಿದ್ದ. ಹದಿನೆಂಟು, ಹತ್ತೊಂಬತ್ತು, ಮತ್ತೆ ಹದಿನೆಂಟು ಗಂಟೆ. ಅಂಗಡಿಯವರು ಶಿಫ್ಟ್ ಕೊಟ್ಟಿದ್ದೇ ಅಷ್ಟು. ಕೊನೆಗೆ ಅವನ ಫೈನಾನ್ಶಿಯಲ್ ಏಡ್ (ಓದಿನ ಖರ್ಚಿಗೆ ಸಿಗುವ ನೆರವು) ಪತ್ರದ ಮೂಲೆಯಲ್ಲಿ ವರ್ಕ್ ಸ್ಟಡಿ ಮಂಜೂರಾಗಿದೆ ಅಂತ ಒಂದು ಸಾಲು ಕಂಡಿತು, ಅವನು ಅದನ್ನು ಓದಿಯೇ ಇರಲಿಲ್ಲ. ಅದೇ ಕ್ಯಾಂಪಸ್ ಕೆಲಸಕ್ಕೆ ಸೇರಿಸಿದೆವು, ಅರ್ಜಿ ಪಾಸಾಯಿತು. ನಿಮ್ಮ ಮಗಳ ಫೈನಾನ್ಶಿಯಲ್ ಏಡ್ ಪತ್ರ ಮೊದಲು ತೆಗೆದು ನೋಡಿ.

ಇನ್ನೊಬ್ಬರು: ಸಾವಿರಾರು ಡಾಲರ್ ಫೀಸ್ ಕಟ್ಟುವವರಿಗೆ ಊಟಕ್ಕೆ ಇಲ್ಲ ಅಂದರೆ ನಂಬೋದು ಕಷ್ಟ ಸರ್.

ಉತ್ತರ: ಸರ್ ಅಲ್ಲ, ಮೇಡಂ 🙂 ಫೀಸಿಗೆ ಸಾಲ, ಗ್ರ್ಯಾಂಟ್ ಇರುತ್ತದೆ, ಅದು ನೇರ ಕಾಲೇಜಿಗೆ ಹೋಗುತ್ತದೆ. ಬಾಡಿಗೆ ತಡವಾದರೆ ಮನೆ ಮಾಲೀಕ ಬಿಡಲ್ಲ. ಕೈಯಲ್ಲಿ ಕಡಿಮೆ ಮಾಡಲು ಉಳಿಯುವುದು ಊಟ ಒಂದೇ ಅಲ್ವಾ? ಯಾರಿಗೂ ಗೊತ್ತೂ ಆಗಲ್ಲ.

ಪ್ರಶ್ನೆ: ಅಕ್ಕಾ, ನಾನು ಎಫ್-1 (ವಿದೇಶಿ ವಿದ್ಯಾರ್ಥಿ) ವೀಸಾದಲ್ಲಿ ಎಂ.ಎಸ್. ಮಾಡ್ತಿದೀನಿ. ನನಗೆ?

ಉತ್ತರ: ನಿಮಗೆ ಸ್ನ್ಯಾಪ್ ಇಲ್ಲ, ಸುಮ್ನೆ ಅರ್ಜಿ ಹಾಕಬೇಡಿ. ತಮಾಷೆ ನೋಡಿ, ಸ್ನ್ಯಾಪ್ ಕೇಳುವ ಇಲ್ಲಿನ ಮಕ್ಕಳಿಗೆ 20 ಗಂಟೆಗಿಂತ ಕಡಿಮೆ ದುಡಿದರೆ ತೊಂದರೆ, ನಿಮಗೆ ಕ್ಲಾಸ್ ನಡೆಯುವಾಗ 20 ದಾಟಿದರೆ ತೊಂದರೆ. ಪ್ಯಾಂಟ್ರಿಗೆ ಮಾತ್ರ ಧೈರ್ಯವಾಗಿ ಹೋಗಿ. ಸಾಮಾನ್ಯವಾಗಿ ಕಾಲೇಜು ಐಡಿ ಸಾಕು. ನಮ್ಮಲ್ಲಿ ಪ್ಯಾಂಟ್ರಿಯದ್ದು ಅಂತ ಎಲ್ಲರಿಗೂ ಗೊತ್ತಾಗುವ ಬಣ್ಣದ ಚೀಲ ಕೊಡುವುದನ್ನು ನಿಲ್ಲಿಸಿ ಮಾಮೂಲಿ ಬ್ಯಾಕ್‌ಪ್ಯಾಕ್‌ಗೇ ತುಂಬಿಕೊಳ್ಳಿ ಅಂದ ಮೇಲೆ ಬರುವವರು ಜಾಸ್ತಿಯಾದರು. ಕಡಲೆಕಾಳಿನ ಡಬ್ಬಿ ತಗೊಂಡರೆ ಓಪನರ್ ಕೂಡ ಕೇಳಿ, ಕೊಡುತ್ತಾರೆ.

ಪ್ರಶ್ನೆ: ಯಾವಾಗ ಹೋಗಲಿ ಅಕ್ಕಾ?

ಉತ್ತರ: ಸ್ಟಾಕ್ ಬರುವ ದಿನ ಯಾವುದು ಅಂತ ಕೇಳಿಕೊಂಡು ಅವತ್ತು ಬೆಳಿಗ್ಗೆಯೇ ಹೋಗಿ. ಹಾಲು, ಮೊಟ್ಟೆ ಮಧ್ಯಾಹ್ನದೊಳಗೆ ಖಾಲಿ.