ಸಹಾಯ ಬೇಕು: 1984ರ ಪದ್ಮಿನಿ ಕಾರು ತಗೋಬಹುದಾ?
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ಒಂದು ಮನೆಯ ಕೊಟ್ಟಿಗೆಯಲ್ಲಿ 1984ರ ಪ್ರೀಮಿಯರ್ ಪದ್ಮಿನಿ ಮಾರಾಟಕ್ಕಿದೆ. 90 ಸಾವಿರ ಹೇಳ್ತಿದ್ದಾರೆ. ಅಪ್ಪ ಇಂಥದ್ದೇ ಕಾರಲ್ಲಿ ನಮ್ಮನ್ನ ಆಗುಂಬೆ ಘಾಟಿ ಇಳಿಸಿ ಉಡುಪಿಗೆ ಕರ್ಕೊಂಡು ಹೋಗ್ತಿದ್ರು. ಸ್ಟೇರಿಂಗ್ ಪಕ್ಕದ ಆ ಗೇರ್ ಮುಟ್ಟಿದಾಗ ಎದೆ ತುಂಬಿ ಬಂತು.

1089 ಸಿಸಿ ಇಂಜಿನ್ ಜಾಮ್ ಆಗಿಲ್ಲ, ತಿರುಗುತ್ತೆ. ಭಯ ಇರೋದು ತುಕ್ಕಿನದು, ಮಲೆನಾಡಿನ ಮಳೆ ನಿಮಗೇ ಗೊತ್ತಲ್ಲ. ಮ್ಯಾಟ್ ಎತ್ತಿದ್ರೆ ಡ್ರೈವರ್ ಕಾಲಡಿ ನೆಲ ಕಾಣುತ್ತೆ! ಇದಕ್ಕೆ ಬೇರೆ ಚಾಸಿಸ್ (ಬಾಡಿ ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರಬೇಕು. ತಗಡು ಬೆಸುಗೆ ಹಾಕಿಸಿದ್ರೆ ಸಾಕಾ? ಆರ್‌ಸಿ ನವೀಕರಣವೂ ಆಗಿಲ್ಲ. 50 ವರ್ಷ ತುಂಬದ್ದರಿಂದ ವಿಂಟೇಜ್ ನೋಂದಣಿಯೂ ಸಿಗಲ್ಲ.

ಶಿವಮೊಗ್ಗ ಕಡೆ ಪದ್ಮಿನಿ ಕೆಲಸ ಬಲ್ಲ ಟಿಂಕರಿಂಗ್‌ನವರು ಇದ್ದಾರಾ? ಮಾಡಿಸಿದ ಅನುಭವ ಇರೋರು ಒಟ್ಟು ಖರ್ಚು ಎಷ್ಟಾಯ್ತು ಹೇಳಿ. ಭಾನುವಾರ ಮಾತು ಕೊಡಬೇಕು.