ಕುಶಾಲನಗರದ ಮನೆಯ ವಿಚಾರವಾಗಿ ಮಗಳಿಗೂ ಅಳಿಯಂದಿರಿಗೂ

ಗುಂಪಿನಲ್ಲಿರುವ ಎಲ್ಲರಿಗೂ ನಮಸ್ಕಾರ. ಮಗಳು ನಿನ್ನೆ ರಾತ್ರಿ ಕೇಳಿದ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಕೊಡುವುದು ಸರಿಯಲ್ಲವೆಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ಮಡಿಕೇರಿಯಲ್ಲಿ ಬಾಡಿಗೆ ಕಟ್ಟಿ ಸಾಕಾಗಿದೆ, ಅಲ್ಲಿ ಸ್ವಂತ ಮನೆ ಕೈಗೆಟುಕುವುದಿಲ್ಲ, ಕುಶಾಲನಗರದ ಹೊರಗೆ ಕೂಡುಮಂಗಳೂರಿನ ಕಡೆ ಒಂದು ಮನೆಯನ್ನೂ ನದಿಯ ಪಕ್ಕದ ಬಡಾವಣೆಯಲ್ಲಿ ಅದಕ್ಕಿಂತ ಅಗ್ಗದ ಇನ್ನೊಂದನ್ನೂ ನೋಡಿದ್ದೇವೆ, ಏನು ಮಾಡೋಣ ಎಂದು ಅವಳು ಕೇಳಿದ್ದಾಳೆ. “30 ಕಿಲೋಮೀಟರ್ ಏನು ಮಹಾ ದೂರ, ಕೊಂಡುಬಿಡಿ” ಎಂದು ಭಾವ ಹೇಳಿದ್ದಾರೆ.

ಭಾವ, ಇಲ್ಲಿ ಕುಶಾಲನಗರದಿಂದ ಮಡಿಕೇರಿಗಿರುವ ಆ ದೂರವನ್ನು ನಾನು 9 ವರ್ಷ ದಿನಕ್ಕೆರಡು ಬಾರಿ ಬಸ್ಸಿನಲ್ಲಿ ಅಳೆದಿದ್ದೇನೆ. ಸ್ವಂತ ಕಾರಿನಲ್ಲಿ ಹೋಗುವವರಿಗೆ ಅದು 30 ಕಿಲೋಮೀಟರೇ ಸರಿ. ಆದರೆ ಬಡಾವಣೆಯ ಮನೆಯಿಂದ ಮುಖ್ಯರಸ್ತೆಗೆ ನಡೆದು, ಅಲ್ಲಿಂದ ಆಟೋ ಹಿಡಿದು ಬಸ್ ನಿಲ್ದಾಣ ಸೇರಿ, ಗುಡ್ಡೆಹೊಸೂರು, ಆನೆಕಾಡು, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿಯಲ್ಲಿ ಇಳಿಯುವವಳಿಗೆ ಅದು ಹೋಗುವಾಗ ಒಂದೂವರೆ ಗಂಟೆ, ಬರುವಾಗ ಮಳೆಗಾಲವಾದರೆ ಇನ್ನೂ ಹೆಚ್ಚು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ, ಅದು ನಿಜವಾದ ಅನುಕೂಲ. ಆದರೆ ಹೋದ ಹೊತ್ತು ಹೋದದ್ದೇ. ಮಗಳೇ, ಅಳಿಯಂದಿರ ಕೆಲಸ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ, ನಿನ್ನದು ಮಡಿಕೇರಿಯಲ್ಲಿ. ಉಳಿಯುವ ಹಣ ಇಬ್ಬರಿಗೂ ಸೇರುತ್ತದೆ, ಅದಕ್ಕೆ ತೆರುವ ಹೊತ್ತು ಮಾತ್ರ ನಿನ್ನೊಬ್ಬಳ ದಿನದಿಂದಲೇ ಹೋಗುತ್ತದೆ. ಇದನ್ನು ಮನೆಯಲ್ಲಿ ಬಾಯಿಬಿಟ್ಟು ಮಾತಾಡದೆ ಮುಂದುವರಿಯಬೇಡಿ.

ಒಂದು ಜುಲೈ ಸಂಜೆ ಆನೆಕಾಡಿನಲ್ಲಿ ರಸ್ತೆಗೆ ಆನೆ ಬಂದು ನಮ್ಮ ಬಸ್ಸು ಇಪ್ಪತ್ತೈದು ನಿಮಿಷ ನಿಂತಿತು. ಚಾಲಕರು ಎಂಜಿನ್ ಆರಿಸಿದರು. ಒಳಗೆ ಯಾರೂ ಉಸಿರೆತ್ತಲಿಲ್ಲ, ಮಳೆಯ ಸದ್ದು ಮಾತ್ರ. ನನ್ನ ಫೋನಿಗೆ ನೆಟ್‌ವರ್ಕ್ ಇರಲಿಲ್ಲ, ಮನೆಯ ಬೀಗದ ಕೈ ನನ್ನ ಚೀಲದಲ್ಲಿತ್ತು. ಮನೆ ತಲುಪಿದಾಗ ಮಗ ಶಾಲೆಯ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಕಾಲುಚೀಲಗಳನ್ನು ಕಳಚಿ ಪಕ್ಕದಲ್ಲಿ ಹರಡಿ, ಕತ್ತಲಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದ. ಅಕ್ಕಪಕ್ಕದ ಮೂರು ಸೈಟುಗಳೂ ಆಗ ಖಾಲಿ, ಲಂಟಾನ ಬೆಳೆದಿತ್ತು, ಬೀದಿದೀಪ ಇರಲಿಲ್ಲ. ಹೊಸ ಬಡಾವಣೆಯಲ್ಲಿ ಮನೆ ಅಗ್ಗವಾಗಿರುವುದು ಇಂಥದ್ದೆಲ್ಲ ಇನ್ನೂ ಬರಬೇಕಾಗಿರುವುದರಿಂದಲೇ. ಈಗ ನಮ್ಮ ಬೀದಿ ತುಂಬಿದೆ, ಕೀಲಿಕೈ ಎದುರು ಮನೆಯಲ್ಲಿರುತ್ತದೆ, ಆದರೆ ಅಷ್ಟಾಗಲು ಆರು ವರ್ಷ ಬೇಕಾಯಿತು.

ಹಾಗೆಂದು ಬರಬೇಡಿ ಎನ್ನುತ್ತಿಲ್ಲ. ಮಡಿಕೇರಿಯಲ್ಲಿ ಕಡಿಮೆ ಬೆಲೆಗೆ ಸಿಗುವುದು ಬಹುಮಟ್ಟಿಗೆ ಇಳಿಜಾರಿನ ಜಾಗ. ಅಲ್ಲಿ ಮನೆಗೆ ಮೊದಲು ತಡೆಗೋಡೆ ಕಟ್ಟಬೇಕು. 2018ರ ಆಗಸ್ಟ್‌ನಲ್ಲಿ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲಿ ದುಡಿದು ಕಟ್ಟಿದ ಮನೆಗಳು ಗುಡ್ಡದ ಬರೆಯ ಮಣ್ಣಿನೊಂದಿಗೆ ಕುಸಿದದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಇಲ್ಲಿ ನೆಲ ಸಮತಟ್ಟು. ಮಳೆ ಮಡಿಕೇರಿಗಿಂತ ಎಷ್ಟೋ ಕಡಿಮೆ. ಜುಲೈ ತಿಂಗಳಲ್ಲಿ ಅಗ್ಗಿಷ್ಟಿಕೆಯ ಮುಂದೆ ಮಗುವಿನ ಬಟ್ಟೆ ಒಣಗಿಸುತ್ತಿದ್ದ ನನಗೆ, ಇಲ್ಲಿ ಬಿಸಿಲಿಗೆ ಹಾಕಿದ ಸೀರೆ ಸಂಜೆಯೊಳಗೆ ಗರಿಗರಿಯಾಗಿ ಕೈಗೆ ಬಂದ ದಿನ ಇನ್ನೂ ನೆನಪಿದೆ. ಅಳಿಯಂದಿರ ತಾಯಿಯವರಿಗೆ ಉಬ್ಬಸ ಇದೆಯಲ್ಲ, ಅವರಿಗೆ ಈ ಹವೆ ಹಿತವಾಗಬಹುದು. ರಾತ್ರಿ ಮೈಸೂರಿನ ದೊಡ್ಡ ಆಸ್ಪತ್ರೆಗೆ ಓಡಬೇಕಾಗಿ ಬಂದರೂ ಆ 30 ಕಿಲೋಮೀಟರ್ ನಮಗೆ ಉಳಿಯುತ್ತದೆ.

ಆದರೆ ನದಿಯ ಪಕ್ಕದ ಆ ಅಗ್ಗದ ಮನೆ ಬೇಡ. ಇದನ್ನು ಹಿರಿಯಳಾಗಿ ಸ್ಪಷ್ಟವಾಗಿ ಹೇಳುತ್ತಿದ್ದೇನೆ. 2018ರಲ್ಲಿ ಬೆಟ್ಟ ಜಾರಿತೆಂದು ಮೇಲಿನವರು ಅಳುತ್ತಿದ್ದಾಗ ಇಲ್ಲಿ ಕಾವೇರಿ ಬಡಾವಣೆಗಳೊಳಗೆ ನುಗ್ಗಿತ್ತು, 2019ರ ಆಗಸ್ಟ್‌ನಲ್ಲಿ ಮತ್ತೆ ಬಂತು. ಭಾಗಮಂಡಲದ ಕಡೆ ಸುರಿದ ಮಳೆಯೆಲ್ಲ ಈ ದಾರಿಯಲ್ಲೇ ಇಳಿಯಬೇಕು, ಕೆಳಗೆ ಕೂಡಿಗೆಯಲ್ಲಿ ಹಾರಂಗಿ ನದಿಯೂ ಬಂದು ಸೇರುತ್ತದೆ. ಎರಡೂ ತುಂಬಿ ಹರಿಯುವಾಗ ಮೇಲಿನ ನೀರಿಗೆ ಸರಾಗವಾಗಿ ಸಾಗಲು ಎಡೆಯಿರುವುದಿಲ್ಲ. ನೀರು ಇಳಿದ ಮೇಲೆ ಗೆಳತಿಯೊಬ್ಬಳ ಮನೆ ತೊಳೆಯಲು ಹೋಗಿದ್ದೆ. ಅಡುಗೆಮನೆಯ ಡಬ್ಬಗಳಲ್ಲಿ ಅಕ್ಕಿಯ ಬದಲು ಕೆಸರಿತ್ತು, ಮದುವೆಯ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಅವಳು ಗೋಡೆಯ ಗುರುತಿನ ಮೇಲೆ ಎರಡು ಸಲ ಬಣ್ಣ ಹೊಡೆಸಿದರೂ ತೇವ ಮತ್ತೆ ಮೇಲೇಳುತ್ತಿದೆ.

ಕೂಡುಮಂಗಳೂರಿನ ಮನೆಯನ್ನು ನೋಡೋಣ. ಕೃಷಿ ಜಮೀನನ್ನು ಮನೆಗೆಂದು ಬದಲಿಸಿದ ಭೂಪರಿವರ್ತನೆಯ ಆದೇಶ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪತ್ರ, ಇವಿಷ್ಟನ್ನೂ ಕೈಯಲ್ಲಿ ಹಿಡಿದು ಓದುವ ತನಕ ಮುಂಗಡ ಕೊಡಬೇಡಿ. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆಂದು ಮಾರುವವರನ್ನಲ್ಲ, ಅಲ್ಲೇ ವಾಸವಿರುವ ಹೆಂಗಸರನ್ನು ಕೇಳು. ಅದಕ್ಕೂ ಮೊದಲು ಒಂದು ವಾರ ನಮ್ಮ ಮನೆಯಲ್ಲಿ ಬಂದಿರು, ಇಲ್ಲಿಂದಲೇ ಬೆಳಿಗ್ಗೆಯ ಬಸ್ಸಿಗೆ ಹೋಗಿ ಸಂಜೆ ಬಾ. ಮಹಡಿಯ ಕೋಣೆ ಖಾಲಿಯಿದೆ. ಆ ಮನೆಯ ಸರ್ವೆ ನಂಬರ್ ಕಳುಹಿಸಿದರೆ ನಾಳೆಯೇ ಹೋಗಿ ಸುತ್ತಲಿನ ನೆಲ ಹೇಗಿದೆಯೆಂದು ನಾನು ನೋಡಿಕೊಂಡು ಬರುತ್ತೇನೆ.