ಪ್ರಾಸ್ಟೇಟ್ ಸ್ಟೆಮ್ ಸೆಲ್ ಬೆಳೆಸಿದವರು ಯಾರಾದರೂ ಇದ್ದೀರಾ?

ಪೆರ್ಲದಿಂದ:
ಪಿಎಚ್‌ಡಿ ಎರಡನೇ ವರ್ಷ. ಇಲಿಯ ಪ್ರಾಸ್ಟೇಟಿನಿಂದ (ಗಂಡಿನ ಮೂತ್ರಕೋಶದ ಕೆಳಗಿನ ಗ್ರಂಥಿ) ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಸೆಲ್ಲುಗಳನ್ನು ಹುಟ್ಟಿಸಬಲ್ಲ ಮೂಲ ಸೆಲ್, ಬೆಳೆಸಲು ಮೂರು ತಿಂಗಳಿಂದ ಒದ್ದಾಡುತ್ತಿದ್ದೇನೆ. ವಾರ ಕಳೆಯುವಷ್ಟರಲ್ಲಿ ಡಿಶ್ ತುಂಬ ಫೈಬ್ರೋಬ್ಲಾಸ್ಟ್, ನಮಗೆ ಬೇಡದ ಜೋಡಣೆ ಅಂಗಾಂಶದ ಸೆಲ್ಲು. ಉಳಿದದ್ದು ಸ್ಟೆಮ್ ಸೆಲ್ಲೇ ಅಂತ ಖಾತ್ರಿ ಮಾಡುವುದು ಹೇಗೆ? ಸಿಡಿ49ಎಫ್ (ಸೆಲ್ಲಿನ ಮೈಮೇಲಿನ ಒಂದು ಗುರುತು ಪ್ರೋಟೀನ್) ಬಣ್ಣ ಬಂದರೆ ಸಾಕಲ್ವಾ?

ಬದಿಯಡ್ಕದಿಂದ:
ಮೊದಲು ಸೀರಮ್ (ರಕ್ತದಿಂದ ತೆಗೆದ ಪೋಷಕ ದ್ರವ) ಬಿಡಿ. ಫೈಬ್ರೋಬ್ಲಾಸ್ಟಿಗೆ ಅದು ಹಬ್ಬದೂಟ. ಸೆಲ್ ಬಿಡಿಸುವ ಕಿಣ್ವ ಟ್ರಿಪ್ಸಿನ್ ನಿಲ್ಲಿಸಲು ಮಾತ್ರ ಹಾಕಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಕೊಲಾಜಿನೇಸ್ ಕಿಣ್ವದಲ್ಲಿ ಬಿಡಿಸಿದ್ದನ್ನು 40 ಮೈಕ್ರಾನ್ ಜರಡಿಯಲ್ಲಿ ಸೋಸಿ. ವೈ-27632 ಎಂಬ ರಾಸಾಯನಿಕ ಸೇರಿಸಿದರೆ ಒಂಟಿ ಸೆಲ್ ಸಾಯುವುದು ಕಡಿಮೆ. ಬರೀ ಡಿಶ್ ಬೇಡ, ಮ್ಯಾಟ್ರಿಜೆಲ್‌ನಲ್ಲೇ (ತಣ್ಣಗಿದ್ದಾಗ ದ್ರವ, ಬೆಚ್ಚಗಾದರೆ ಗಟ್ಟಿಯಾಗುವ ಪ್ರೋಟೀನ್ ಜೆಲ್) ಕೂರಿಸಿ. ನಮ್ಮ ಏಪ್ರಿಲ್ ಸೆಕೆಗೆ ಅದು ಪಿಪೆಟ್ ಟಿಪ್ಪಿನೊಳಗೇ ಹೆಪ್ಪುಗಟ್ಟುತ್ತದೆ. ಹಾಗೆ ಒಂದು ಇಡೀ ಸೀಸೆ ಕಳೆದುಕೊಂಡಿದ್ದೇನೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಿಂದಿನ ರಾತ್ರಿಯೇ ಐಸಿನಲ್ಲಿಟ್ಟು ಫ್ರಿಜ್ಜಿನಲ್ಲಿ ಕರಗಿಸಿ. ಟಿಪ್, ಟ್ಯೂಬ್ ಎಲ್ಲ ಫ್ರೀಜರಿನಿಂದ ನೇರ ಕೈಗೆ ಬರಲಿ.

ಮಂಜೇಶ್ವರದಿಂದ:
ಸಿಡಿ49ಎಫ್ ಒಂದೇ ಸಾಲದು. ಅದು ಸಾಧಾರಣ ಬೇಸಲ್ (ಗ್ರಂಥಿಯ ಹೊರಪದರದ) ಸೆಲ್ಲಿನಲ್ಲೂ ಇರುತ್ತದೆ. ರಕ್ತ, ರಕ್ತನಾಳದ ಸೆಲ್ಲುಗಳನ್ನು ಮೊದಲೇ ಬೇರೆ ಮಾಡಿ, ಜೊತೆಗೆ ಸ್ಕಾ-1 ಎಂಬ ಇನ್ನೊಂದು ಗುರುತು ನೋಡಿ. ಮನುಷ್ಯರದ್ದಾದರೆ ಸ್ಕಾ-1 ನಡೆಯುವುದಿಲ್ಲ, ಟ್ರಾಪ್-2 ನೋಡುತ್ತಾರೆ. ಆದರೆ ಬಣ್ಣ ಹೇಳುವುದು ಸೆಲ್ಲಿನ ವಿಳಾಸ ಮಾತ್ರ, ಕಸುಬು ಅಲ್ಲ. ಜೆಲ್‌ನಲ್ಲಿ ಸೆಲ್ ಬೆಳೆದು ಉಂಡೆ ಕಟ್ಟಿದ ಮೇಲೆ ಡಿಸ್ಪೇಸ್ ಎಂಬ ಕಿಣ್ವ ಹಾಕಿ ಜೆಲ್ ಕರಗಿಸಿ, ಉಂಡೆ ಒಡೆದು ಪುನಃ ಹಾಕಿ. ಸ್ಟೆಮ್ ಸೆಲ್ ಆದರೆ ಪ್ರತಿ ಸಲವೂ ಹೊಸ ಉಂಡೆ ಕಟ್ಟಬೇಕು. ದಟ್ಟವಾಗಿ ಹಾಕಿದರೆ ಎರಡು ಉಂಡೆ ಅಂಟಿಕೊಂಡು ಒಂದಾಗುತ್ತವೆ. ನಾನು ಆರು ತಿಂಗಳು ಅದನ್ನೇ ಒಂದೇ ಸೆಲ್ಲಿನ ಉಂಡೆ ಅಂತ ನಂಬಿ ಮೋಸ ಹೋದೆ. ಒಂದು ವೆಲ್‌ಗೆ (ತಟ್ಟೆಯ ಪುಟ್ಟ ಗುಳಿ) ಒಂದೇ ಸೆಲ್ ಹಾಕಿ. ಉಂಡೆ ಕತ್ತರಿಸಿ ನೋಡಿದಾಗ ಹೊರಗೆ ಬೇಸಲ್ ಗುರುತು ಪಿ63, ಒಳಗೆ ಲೂಮಿನಲ್ (ಒಳಪದರದ) ಗುರುತು ಸಿಕೆ8 ಕಾಣಬೇಕು. 2008ರಲ್ಲಿ ಇಲಿಯ ಒಂದೇ ಸೆಲ್ಲನ್ನು ಭ್ರೂಣದ ಮೆಸೆಂಕೈಮ್ (ಅಂಗ ಬೆಳೆಯಲು ಸೂಚನೆ ಕೊಡುವ ಅಂಗಾಂಶ) ಜೊತೆ ಮೂತ್ರಪಿಂಡದ ಪೊರೆಯಡಿ ಇಟ್ಟು ಪ್ರಾಸ್ಟೇಟ್ ಬೆಳೆಸಿದ್ದರು. ಗಟ್ಟಿ ಸಾಕ್ಷಿ ಅಂದರೆ ಅದು. ಮತ್ತೊಂದು, ಲೂಮಿನಲ್ ಸೆಲ್ ಅಂತ ಸುಮ್ನೆ ಎಸೆಯಬೇಡಿ. 2014ರಲ್ಲಿ ಅದರಿಂದಲೂ ಎರಡು ಪದರದ ಆರ್ಗನಾಯ್ಡ್ (ಪುಟ್ಟ ಅಂಗದಂಥ ಉಂಡೆ) ಬಂದಿದೆ.

ಕುಂಬಳೆಯಿಂದ:
ಮಳೆ ಹಿಡಿಯುವ ಮೊದಲು ಇನ್‌ಕ್ಯುಬೇಟರಿನ ನೀರಿನ ತಟ್ಟೆ ತಿಕ್ಕಿ ತೊಳೆಯಿರಿ ಮಾರಾಯ್ರೆ. ಜೂನ್‌ನಲ್ಲಿ ಬೂಷ್ಟು ಜಾಸ್ತಿ. ಅದಾದರೂ ಕಣ್ಣಿಗೆ ಕಾಣುತ್ತದೆ. ಮೈಕೋಪ್ಲಾಸ್ಮಾ ಎಂಬ ಅತಿ ಚಿಕ್ಕ ಬ್ಯಾಕ್ಟೀರಿಯಾ ಬಂದರೆ ಮೀಡಿಯಾ (ಸೆಲ್ ಬೆಳೆಸುವ ದ್ರವ) ಕಲಕುವುದೂ ಇಲ್ಲ. ತಿಂಗಳಿಗೊಮ್ಮೆ ಪಿಸಿಆರ್ (ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿ.

ಪೆರ್ಲದಿಂದ:
ತುಂಬ ಉಪಕಾರ ಆಯಿತು. ಇಷ್ಟು ದಿನ 10 ಶೇಕಡಾ ಸೀರಮ್ ಹಾಕುತ್ತಿದ್ದೆ. ಸೋಮವಾರ ಹೊಸದಾಗಿ ಶುರು ಮಾಡುತ್ತೇನೆ, ವೆಲ್‌ಗೆ ಒಂದೇ ಸೆಲ್. ಉಂಡೆ ಕಟ್ಟಿದರೆ ಫೋಟೊ ಹಾಕುತ್ತೇನೆ.